ಅಪ್‌ಡೇಟ್: ಗೋಡೆಗೆ ನಾನೇ ಪ್ಲಾಸ್ಟರಿಂಗ್ ಮಾಡಿದೆ

ಸ್ಟೋರ್ ರೂಮಿನ ಗೋಡೆಗೆ ನಾನೇ ಹಾಕಿದ ಪ್ಲಾಸ್ಟರಿಂಗ್ ಯಾಕೆ ಬಿರುಕು ಬಿಡುತ್ತಿದೆ ಅಂತ ಕೇಳಿದ್ದೆ. ಮೊದಲು ಗೋಡೆ ನೆನೆಸಿ ಅಂದಿದ್ದಿರಿ. ಅದೇ ಸರಿ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಕೊಳ್ಳುತ್ತಿತ್ತು.

ಹಳೆಯದನ್ನು ಕೆತ್ತಿ ತೆಗೆದು, ಹಿಂದಿನ ರಾತ್ರಿಯೇ ಗೋಡೆಗೆ ನೀರು ಹೊಡೆದೆ. ಒಂದು ಬಾಂಡ್ಲಿ ಸಿಮೆಂಟಿಗೆ ನಾಲ್ಕು ಬಾಂಡ್ಲಿ ಜರಡಿ ಹಿಡಿದ ಎಂ ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು), ದಪ್ಪ ಸುಮಾರು 12 ಮಿ.ಮೀ. ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿದೆ. ಕರಣೆಯಿಂದ ಎಸೆದದ್ದು ಮೊದಮೊದಲು ಅರ್ಧ ನೆಲಕ್ಕೇ ಬೀಳುತ್ತಿತ್ತು. ಎಸೆತದ ಕೊನೆಯಲ್ಲಿ ಮಣಿಕಟ್ಟು ಪಟ್ಟಂತ ತಿರುಗಿಸಿದ ಮೇಲೆ 'ಚಪ್' ಅಂತ ಕೂತಿತು. ಆ ಸದ್ದು ಕೇಳಿ ಎಷ್ಟು ಖುಷಿಯಾಯಿತು ಗೊತ್ತಾ!

7 ದಿನ, ದಿನಕ್ಕೆ ಮೂರು ಸಲ ನೀರು ಹಾಕಿದೆ. ಕೂದಲೆಳೆಯಷ್ಟೂ ಬಿರುಕಿಲ್ಲ. ಕಿಟಕಿ ಮೂಲೆ ಮಾತ್ರ ಸ್ವಲ್ಪ ಸೊಟ್ಟ, ಭಾನುವಾರ ತೂಗುಗುಂಡು ಹಿಡಿದು ಸರಿಮಾಡುತ್ತೇನೆ.