ಕೋಳಿಮರಿಗಳನ್ನು ಹದ್ದು ಒಯ್ಯುತ್ತಿದೆ, ದಾರ ಕಟ್ಟಿದರೂ ನಿಲ್ಲುತ್ತಿಲ್ಲ

ಮೂಡಿಗೆರೆ ಹಿತ್ತಿಲು:
ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಿಲಿಗೆ ಹೊಂದಿಕೊಂಡೇ ಕಾಫಿ ತೋಟವಿದೆ. ಕಣದ ಪಕ್ಕದಲ್ಲಿ ಮೇಯಲು ಬಿಟ್ಟ ಮರಿಗಳನ್ನು ಹದ್ದು ಹಾಡಹಗಲೇ ಎತ್ತಿಕೊಂಡು ಹೋಗುತ್ತಿದೆ. ಹಳೆಯ ಸಿ.ಡಿ.ಗಳನ್ನು ತೂಗುಹಾಕಿದೆ, ಬೆರ್ಚಪ್ಪನನ್ನು ನಿಲ್ಲಿಸಿದೆ, ಕೊನೆಗೆ ಕಂಬದಿಂದ ಕಂಬಕ್ಕೆ ನೈಲಾನ್ ದಾರವನ್ನೂ ಎಳೆದು ಕಟ್ಟಿದೆ. ಆದರೂ ಮರಿಗಳು ಕಡಿಮೆಯಾಗುತ್ತಲೇ ಇವೆ. ಕೈಯಾರೆ ಸಾಕಿದ ಜೀವ ಕಣ್ಣೆದುರೇ ಹೋಗುವುದನ್ನು ನೋಡಿ ಸಾಕಾಗಿದೆ. ಖಚಿತವಾಗಿ ಫಲ ಕೊಡುವ ಉಪಾಯವಿದ್ದರೆ ದಯವಿಟ್ಟು ತಿಳಿಸಿ.

ಅರಸೀಕೆರೆ ತೆಂಗು:
ದಾರ ಕೈಕೊಡುವುದಿಲ್ಲ ಸರ್, ಕಟ್ಟಿದ ಕ್ರಮದಲ್ಲಿ ಏನೋ ಕೊರತೆ ಇರಬೇಕು. ಹದ್ದು ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ನಾಲ್ಕೂವರೆ ಅಡಿಯ ಆಸುಪಾಸು ಬರುತ್ತದೆ; ಎಳೆಗಳ ನಡುವೆ ಅದು ಇಳಿಯಲಾರದು, ಇಳಿದರೂ ಮರಿಯೊಂದಿಗೆ ಮೇಲೇಳಲಾರದು. ಎಷ್ಟು ಅಂತರ ಬಿಟ್ಟಿದ್ದೀರಿ?

ಮೂಡಿಗೆರೆ ಹಿತ್ತಿಲು:
ಅಡಿಗೊಂದು ಎಳೆ, ಏಳು ಅಡಿ ಎತ್ತರ. ಎಲ್ಲವೂ ಬಿಗಿಯಾಗಿಯೇ ಇದೆ.

ಅರಸೀಕೆರೆ ತೆಂಗು:
ಹಾಗಾದರೆ ಅರ್ಧ ಅಡಿಗೆ ಇಳಿಸಿ, ಅಡ್ಡಲಾಗಿಯೂ ಎಳೆಯಿರಿ. ನಮ್ಮ ತೆಂಗಿನ ತೋಟದಲ್ಲಿ ದಾರ ಕಟ್ಟಿದ ಮೇಲೆ ಹದ್ದು ಸುತ್ತುಹಾಕಿ ಹಾಗೆಯೇ ಹೊರಟುಹೋಗುತ್ತದೆ.

ಬೇಲೂರು ಹೊಲ:
ದಾರದ ಲೆಕ್ಕಾಚಾರವೇಕೆ? ಮೀನಿನ ಬಲೆಯನ್ನು ಇಡೀ ಹಿತ್ತಿಲ ಮೇಲೆ ಹೊದಿಸಿಬಿಡಿ, ಖರ್ಚೂ ಕಡಿಮೆ.

ಹೇಮಾವತಿ ದಂಡೆ:
ಸಣ್ಣ ಎಳೆಯ ಬಲೆ ಬೇಡವೆಂದು ವಿನಂತಿ. ಅದು ಹಕ್ಕಿಗಳ ಕಣ್ಣಿಗೆ ಬೀಳುವುದಿಲ್ಲ. ರಾತ್ರಿ ಗೂಬೆಗಳೂ ಹಗಲು ಕುಟ್ರುಹಕ್ಕಿಗಳೂ ಸಿಕ್ಕಿಕೊಂಡು ಒದ್ದಾಡಿ ಸಾಯುತ್ತವೆ. ಅದಿರಲಿ, ಬಂದ ಹಕ್ಕಿ ಯಾವುದೆಂದು ಇಲ್ಲಿ ಯಾರೂ ಕೇಳಿಯೇ ಇಲ್ಲ. ಅದರ ಬಾಲ ಸೀಳಿದಂತೆ ಇತ್ತೇ? ಆಕಾಶದಲ್ಲಿ ಸುತ್ತುತ್ತಾ ಇಳಿಯಿತೇ, ಮರಗಳ ನಡುವಿನಿಂದ ನುಗ್ಗಿತೇ? ಪುಕ್ಕ ಎಲ್ಲಿ ಬಿದ್ದಿತ್ತು? ನಿಮ್ಮ ಹುಂಜ ಹೇಗೆ ಕೂಗಿತು? ಮೇಲಿನಿಂದ ಅಪಾಯ ಬಂದಾಗ ಹುಂಜ ಎಳೆದು ಸಣ್ಣಗೆ ಕಿರುಚುತ್ತದೆ; ಮುಂಗುಸಿಯನ್ನೋ ನಾಯಿಯನ್ನೋ ಕಂಡರೆ ಬಿಡದೆ ಕೊಕ್ಕೊಕ್ಕೊಕ್ಕೋ ಎಂದು ಗಲಾಟೆ ಎಬ್ಬಿಸುತ್ತದೆ. ಕಿವಿಗೊಟ್ಟವರಿಗೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ಬೇಲೂರು ಹೊಲ:
ಮೇಡಂ, ನಮ್ಮ ಊರಿನಲ್ಲಿ ಎಲ್ಲರೂ ಮೀನಿನ ಬಲೆಯನ್ನೇ ಹಾಕುವುದು. ಬಡವನ ಮರಿಗಿಂತ ಗೂಬೆ ಹೆಚ್ಚೇ?

ಹೇಮಾವತಿ ದಂಡೆ:
ಎರಡೂ ಉಳಿಯುವ ದಾರಿ ಇರುವಾಗ ಒಂದನ್ನು ಕೊಲ್ಲುವುದೇಕೆ ಎಂಬುದಷ್ಟೇ ನನ್ನ ಮಾತು. ಗೂಬೆ ಇಲಿಗಳನ್ನು ಹಿಡಿದು ನಮಗೆ ಉಪಕಾರವನ್ನೇ ಮಾಡುತ್ತದೆ. ಹದ್ದು, ಗಿಡುಗ, ಗೂಬೆಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹೊಡೆಯುವುದು, ಉರುಳು ಹಾಕುವುದು, ವಿಷವಿಡುವುದು ಅಪರಾಧ.

ಮೂಡಿಗೆರೆ ಹಿತ್ತಿಲು:
ಪಾರಿವಾಳದಷ್ಟು ದೊಡ್ಡದು, ಬೆನ್ನು ಬೂದುಬಣ್ಣ, ಎದೆಯ ಮೇಲೆ ಕಂದು ಪಟ್ಟೆಗಳು, ಕಣ್ಣು ಕೆಂಪು. ಸಿಲ್ವರ್ ಓಕ್ ಸಾಲಿನಿಂದ ಹೊರಟು ಕಾಫಿ ಗಿಡಗಳ ತಲೆ ಸವರುವಂತೆ ಬಂದು ದಾರದ ಕೆಳಗೇ ನುಗ್ಗಿತು. ಹಲಸಿನ ಮರದ ಬುಡದಲ್ಲಿ ಕಿತ್ತ ಪುಕ್ಕದ ಗುಡ್ಡೆ ಇದೆ. ಹುಂಜವಾಗಲಿ ಹೇಂಟೆಯಾಗಲಿ ನಮ್ಮಲ್ಲಿಲ್ಲ. ಮರಿಗಳನ್ನು ಹೊರಗಿನಿಂದ ತಂದದ್ದು, ಗಿರಿರಾಜ ತಳಿ.

ಹೇಮಾವತಿ ದಂಡೆ:
ಅದು ಹದ್ದಲ್ಲ, ಶಿಕ್ರಾ. ಗಿಡುಗದ ಜಾತಿಗೆ ಸೇರಿದ್ದು. ಅರಸೀಕೆರೆಯ ಬಯಲಿನಲ್ಲಿ ಹದ್ದಿಗೆ ದಾರ ಫಲ ಕೊಟ್ಟಿರುವುದು ನಿಜವೇ, ಆದರೆ ನೆರಳು ಮರಗಳ ಮರೆಯಲ್ಲಿ ತಗ್ಗಿನಲ್ಲಿ ಹಾರುವ ಈ ಹಕ್ಕಿಗೆ ಏಳು ಅಡಿ ಎತ್ತರದ ಯಾವ ಎಳೆಯೂ ಅಡ್ಡಿಯಲ್ಲ. ಅದು ಬರುವುದು ಪಕ್ಕದಿಂದ. ಸಿ.ಡಿ., ಬೆರ್ಚಪ್ಪಗಳಿಗೆ ಎಲ್ಲ ಹಕ್ಕಿಗಳೂ ಬೇಗನೆ ಒಗ್ಗಿಕೊಳ್ಳುತ್ತವೆ. ತಾಯಿಯಿಲ್ಲದ ಮರಿಗಳಾದ್ದರಿಂದ ಎಚ್ಚರಿಸುವವರೂ ಇಲ್ಲ, ರೆಕ್ಕೆಯಡಿ ಕರೆದುಕೊಳ್ಳುವವರೂ ಇಲ್ಲ.

ನಾನು ಮಾಡುವುದು ಹೀಗೆ: ಮರಿಗಳು ಒಂದು ಕಿಲೋ ದಾಟುವವರೆಗೆ ನಾಲ್ಕೂ ಕಡೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸೆದ ತಂತಿಜಾಲರಿ) ಕಟ್ಟಿದ ಆವರಣದಲ್ಲಿಯೇ ಮೇಯಿಸುತ್ತೇನೆ, ಮುಂಗುಸಿ ತೋಡಿ ನುಸುಳದಂತೆ ಮೆಶ್‌ನ ಅಂಚನ್ನು ಅರ್ಧ ಅಡಿ ಹೂಳಿದ್ದೇನೆ. ಮೇಲೆ ಕಣ್ಣಿಗೆ ಕಾಣುವ ದಪ್ಪ ಎಳೆಯ ಬಲೆಯನ್ನು ಜೋಲದಂತೆ ಎಳೆದು ಕಟ್ಟಿದ್ದೇನೆ. ಒಳಗೆ ಅಲ್ಲಲ್ಲಿ ಅಡಿಕೆ ಸೋಗೆಯನ್ನು ನೆಲದಿಂದ ಒಂದಡಿ ಎತ್ತರಕ್ಕೆ ಹೊದಿಸಿದ್ದೇನೆ. ಹೊರಗೆ ಹರಟೆಮಲ್ಲ ಹಕ್ಕಿಗಳು ಅಪಾಯ ಕಂಡು ಕಿರುಚಿದ ಕೂಡಲೇ ಮರಿಗಳು ಅದರಡಿ ಸೇರಿಕೊಂಡು, ಕಾಲು ಮಡಚಿ, ಕತ್ತನ್ನು ಒಳಗೆಳೆದುಕೊಂಡು ಮಿಸುಕದೆ ಕೂರುತ್ತವೆ.

ಅರಸೀಕೆರೆ ತೆಂಗು:
ಗಿಡುಗವೆಂದಾದರೆ ಪಕ್ಕದ ಮೆಶ್ ಬೇಕೆಂಬುದನ್ನು ಒಪ್ಪುತ್ತೇನೆ. ಆದರೂ ಮೂಲ ತೊಂದರೆ ತಳಿಯಲ್ಲಿದೆ ಎಂದೇ ನನ್ನ ಅಭಿಪ್ರಾಯ. ನಮ್ಮ ನಾಟಿ ಹೇಂಟೆಯೊಂದು ಹದ್ದಿನ ಎದೆಗೇ ಹಾರಿ ಓಡಿಸಿದ್ದನ್ನು ಮನೆಯವರೆಲ್ಲ ನೋಡಿದ್ದಾರೆ. ಕಾವು ಮುಗಿಸಿದ ನಾಟಿ ಹೇಂಟೆಯೊಂದನ್ನು ತಂದು, ಎಳೆಯ ಮರಿಗಳನ್ನು ರಾತ್ರಿ ಅದರ ಅಡಿಗೆ ಬಿಡಿ, ಸಾಮಾನ್ಯವಾಗಿ ಸ್ವೀಕರಿಸುತ್ತದೆ. ಮೊದಲ ಕೆಲವು ದಿನ ಮಂಕರಿ ಕವುಚಿಡಿ.

ಹೇಮಾವತಿ ದಂಡೆ:
ತೀರಾ ಎಳೆಯ ಮರಿಗಳಾದರೆ ಮಾತ್ರ. ಬೆಳೆದವನ್ನು ಹೇಂಟೆ ಕುಕ್ಕಿ ಓಡಿಸುತ್ತದೆ.

ಮೂಡಿಗೆರೆ ಹಿತ್ತಿಲು:
ಈಗಿರುವವು ತಿಂಗಳು ದಾಟಿದ ಮರಿಗಳು, ಆದ್ದರಿಂದ ಮೆಶ್ ಆವರಣವನ್ನೇ ಕಟ್ಟಿಸುತ್ತೇನೆ. ಒಂದೇ ಆತಂಕವಿದೆ: ನಮ್ಮಲ್ಲಿ ಜೂನ್‌ನಿಂದ ಹಿಡಿದ ಮಳೆ ಬಿಡುವುದಿಲ್ಲ, ಸಿಲ್ವರ್ ಓಕ್ ಎಲೆ ಬಿದ್ದು ಮೇಲಿನ ಬಲೆ ಭಾರಕ್ಕೆ ಜಗ್ಗುವುದಿಲ್ಲವೇ?

ಬೇಲೂರು ಹೊಲ:
ಶೇಡ್ ನೆಟ್ ಹಾಕಿದರೆ ಖಂಡಿತ ಜಗ್ಗುತ್ತದೆ, ಅದು ಎಲೆಯನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಎರಡು ಇಂಚು ಕಣ್ಣಿನ ಬಲೆ ತನ್ನಿ. ನಡುವೆ ಬಿದಿರಿನ ಗಳು ಕೊಟ್ಟು ಮನೆಯ ಮಾಡಿನಂತೆ ಎರಡೂ ಕಡೆಗೆ ಇಳಿಜಾರು ಮಾಡಿ. ಬಹುಪಾಲು ಎಲೆ ಜಾರುತ್ತದೆ, ಉಳಿದದ್ದನ್ನು ವಾರಕ್ಕೊಮ್ಮೆ ದೋಟಿಯಿಂದ ತಟ್ಟಿ ಕೆಡವಿದರಾಯಿತು. ಬಲೆಯ ಅಂಚು ಮೆಶ್‌ಗೆ ಸೇರುವ ಕಡೆ ಸಂದು ಬಿಡದೆ ತಂತಿಯಿಂದ ಹೊಲಿಯಿರಿ.