5513 ಸಬ್‌ಮರೀನರ್: ಮುಚ್ಚಳದ ಒಳಗೆ 66, ಡಯಲ್ ಮಾತ್ರ ಮ್ಯಾಟ್, ಹೇಗೆ?

ಪ್ರಶ್ನೆ:
ನಮ್ಮ ಮಾವ ಕಟ್ಕೊಳ್ತಿದ್ದ ರೋಲೆಕ್ಸ್ ಸಬ್‌ಮರೀನರ್ 5513 (ನೀರಲ್ಲಿ ಮುಳುಗೋರಿಗೆ ಅಂತ ಮಾಡಿದ ವಾಚಿನ ಮಾದರಿ) ಈಗ ನನ್ನ ಕೈಗೆ ಬಂದಿದೆ. ಮೊನ್ನೆ ಬಿಚ್ಚಿಸಿದಾಗ ಹಿಂದಿನ ಮುಚ್ಚಳದ ಒಳಗಡೆ ಮೂರು ಗೆರೆ, ಪಕ್ಕದಲ್ಲಿ 66 ಅಂತ ಗುದ್ದಿರೋದು ಕಾಣಿಸ್ತು, ಅಂದ್ರೆ 1966ರ ಮೂರನೇ ತ್ರೈಮಾಸಿಕ ಅಲ್ವಾ. ಆದ್ರೆ ಡಯಲ್ ಹೊಳಪೇ ಇಲ್ಲದ ಮ್ಯಾಟ್ ಕಪ್ಪು, ಬಿಳಿ ಅಕ್ಷರ, ಆಳದ ಸಾಲಲ್ಲಿ ಮೊದ್ಲು 660 ಫೀಟ್ ಆಮೇಲೆ 200 ಮೀಟರ್, ತಳದಲ್ಲಿ 'ಸ್ವಿಸ್ – ಟಿ<25'. ಡಯಲ್ ಮೇಲಿನ ಲ್ಯೂಮ್ (ಕತ್ತಲಲ್ಲಿ ಹೊಳೆಯೋ ಲೇಪ) ಕೆನೆ ಬಣ್ಣಕ್ಕೆ ತಿರುಗಿದೆ, ಮುಳ್ಳುಗಳದ್ದು ಮಾತ್ರ ಬೆಳ್ಳಗಿದೆ. ಒಬ್ರು ನೋಡಿ ಡುಪ್ಲಿಕೇಟ್ ಡಯಲ್ ಅಂದ್ಬಿಟ್ರು, ಅವತ್ತಿಂದ ಮನಸ್ಸಿಗೆ ಸಮಾಧಾನ ಇಲ್ಲ.

ಉತ್ತರ 1:
ವಾಚಿನ ಇಸವಿಗೂ ಡಯಲ್‌ಗೂ ಹೊಂದಲ್ಲ ಅನ್ನೋದು ನಿಜ, ಅಷ್ಟಕ್ಕೇ ಡುಪ್ಲಿಕೇಟ್ ಅನ್ನೋದು ತಪ್ಪು. 66ರ 5513ರಲ್ಲಿ ಇರಬೇಕಾದ್ದು ಗಿಲ್ಟ್ ಡಯಲ್: ಫಳಫಳ ಕಪ್ಪು, ಚಿನ್ನದ ಬಣ್ಣದ ಅಕ್ಷರ, ಮೀಟರ್ ಮೊದ್ಲು. ಮ್ಯಾಟ್ ಬಂದಿದ್ದು 67ರ ಆಸುಪಾಸು, ಫೀಟ್ ಮೊದ್ಲು ಬಂದಿದ್ದು 70ರ ಹತ್ತಿರ. ಆಗೆಲ್ಲ ಸರ್ವಿಸ್‌ಗೆ ಕೊಟ್ರೆ ಮಾಸಿದ ಡಯಲ್ ತೆಗೆದು ಆ ಹೊತ್ತಿಗೆ ಕೈಗೆ ಸಿಗೋ ಹೊಸದನ್ನ ಹಾಕಿ ಕೊಡ್ತಿದ್ರು, ಮುಳುಗೋರಿಗೆ ನೀರೊಳಗೆ ಟೈಮ್ ಕಂಡ್ರೆ ಸಾಕಿತ್ತು, ಹಳೇ ಡಯಲ್‌ಗೆ ಮುಂದೆ ಇಷ್ಟು ಬೆಲೆ ಬರುತ್ತೆ ಅಂತ ಯಾರು ಅಂದ್ಕೊಂಡಿದ್ರು. ಒಂದ್ಸಲ ಸೀರಿಯಲ್ ನಂಬರ್ ನೋಡಿ, 6ರ ಕಡೆ ಸ್ಟ್ರಾಪ್ ಬಿಚ್ಚಿದ್ರೆ ಅದನ್ನ ಸಿಕ್ಕಿಸೋ ಎರಡು ಕಾಲುಗಳ ಮಧ್ಯೆ ಇರುತ್ತೆ. ಯಾಕಂದ್ರೆ ಮುಚ್ಚಳವೂ ಅದಲು ಬದಲಾಗಿರಬಹುದು.

ಉತ್ತರ 2:
ಲೂಪ್ (ಕಣ್ಣಿಗೆ ಹಿಡಿಯೋ ಭೂತಗನ್ನಡಿ) ಹಿಡಿದು ಅಕ್ಷರಗಳನ್ನ ಓರೆಯಾಗಿ ನೋಡಿ. ಮ್ಯಾಟ್‌ನಲ್ಲಿ ಬಿಳಿ ಶಾಯಿ ಮೇಲೆ ಕೂತಿರುತ್ತೆ, ಅಂಚು ಚೂಪಾಗಿರಬೇಕು. ಗಿಲ್ಟ್‌ನಲ್ಲಿ ಉಲ್ಟಾ, ಚಿನ್ನದ ಶಾಯಿ ಅಂತ ಎಷ್ಟೋ ಜನ ಅಂದ್ಕೊಂಡಿದ್ದಾರೆ, ಅದು ಕಪ್ಪಿನ ಕೆಳಗಿನ ಹಿತ್ತಾಳೆನೇ ಇಣುಕೋದು. ರೀಪ್ರಿಂಟ್ ಆಗಿದ್ರೆ ಅಕ್ಷರದ ಅಂಚು ಹರಡಿರುತ್ತೆ, ರೋಲೆಕ್ಸ್ ಗುರುತಾದ ಕಿರೀಟದ ತುದಿಗಳು ದಪ್ಪ ಆಗಿರುತ್ವೆ.

ಆಮೇಲೆ ಕತ್ತಲಲ್ಲಿ ಟಾರ್ಚ್ ಬಿಟ್ಟು ನೋಡಿ. 'ಟಿ' ಅಂದ್ರೆ ಟ್ರಿಟಿಯಂ, ಲ್ಯೂಮ್ ಹೊಳೆಯೋಕೆ ಹಾಕ್ತಿದ್ದ ವಿಕಿರಣ ವಸ್ತು, ಅದರ ಅರ್ಧಾಯುಷ್ಯ (ಅರ್ಧಕ್ಕೆ ಇಳಿಯೋಕೆ ಬೇಕಾದ ಕಾಲ) 12.3 ವರ್ಷ, 50 ವರ್ಷ ಕಳೆದ್ರೆ ಉಳಿಯೋದು ನೂರಕ್ಕೆ ಆರು ಭಾಗ ಅಷ್ಟೆ. ಬೆಳಕು ಬಿಟ್ಟಾಗ ಒಂದು ಕ್ಷಣ ಹೊಳೆದು ಆರಿ ಹೋಗಬೇಕು.

ಪ್ರಶ್ನೆ ಕೇಳಿದವರು:
ಸೀರಿಯಲ್ ಕೂಡ 60ರ ದಶಕದ ಮಧ್ಯಕ್ಕೇ ಬಂತು! ಡಯಲ್ ಪಕ್ಕನೆ ಆರಿತು, ಅಕ್ಷರದ ಅಂಚೂ ಚೂಪಾಗಿದೆ. ಮುಳ್ಳುಗಳು ಗಂಟೆಗಟ್ಲೆ ಹಸಿರಾಗಿ ಬೆಳಗ್ತಾನೇ ಇದ್ವು.

ಉತ್ತರ 1:
ಹಾಗಾದ್ರೆ ಮುಳ್ಳುಗಳು 90ರ ದಶಕದ ಕೊನೆ ಅಥವಾ ಆಮೇಲಿಂದು, ಅದರಲ್ಲಿರೋದು ಲ್ಯೂಮಿನೋವಾ, ಅಂದ್ರೆ ಟ್ರಿಟಿಯಂ ಬದಲಿಗೆ ಬಂದ ವಿಕಿರಣ ಇಲ್ಲದ ಲ್ಯೂಮ್. ಡಯಲ್ ಅದಕ್ಕಿಂತ ಎಷ್ಟೋ ಹಿಂದಿನ ಸರ್ವಿಸ್‌ದು, ಒರಿಜಿನಲ್ ಟ್ರಿಟಿಯಂ. ಅಂದ್ರೆ ಎರಡು ಸಲ ಬೇರೆ ಬೇರೆ ಕಾಲದಲ್ಲಿ ರಿಪೇರಿ ಆಗಿದೆ. ದಯವಿಟ್ಟು ಹೊಂದಿಸೋಕೆ ಅಂತ ಲ್ಯೂಮ್ ಕೆರೆಸ್ಬೇಡಿ, ಪೇಂಟೂ ಮಾಡಿಸ್ಬೇಡಿ. ಮಾವನ ಹಳೇ ಸರ್ವಿಸ್ ಚೀಟಿ ಏನಾದ್ರೂ ಇದ್ರೆ ಹುಡುಕಿ, ಕೆಲವೊಮ್ಮೆ ತೆಗೆದ ಡಯಲ್‌ನ ಲಕೋಟೆಲಿ ಹಾಕಿ ವಾಪಸ್ ಕೊಟ್ಟಿರ್ತಾರೆ.