ಅಪ್‌ಡೇಟ್: ಹಳೆಯ ಲ್ಯಾಪ್‌ಟಾಪ್‌ಗೆ ಕೊನೆಗೂ 4 ಜಿಬಿ ಸ್ವಾಪ್

2 ಜಿಬಿ ರ‍್ಯಾಮ್ ಇರುವ ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಹಾಕುವಾಗ ಸ್ವಾಪ್‌ಗೆ (ರ‍್ಯಾಮ್ ಸಾಲದಾದಾಗ ಬಳಕೆಯಾಗುವ ಡಿಸ್ಕಿನ ಜಾಗ) ಎಷ್ಟು ಜಾಗ ಬಿಡಬೇಕೆಂದು ಕಳೆದ ತಿಂಗಳು ಕೇಳಿದ್ದೆ. ರ‍್ಯಾಮಿನ ಎರಡರಷ್ಟು ಇರಲಿ ಎಂದು ಕೆಲವರು, 1 ಜಿಬಿ ಸಾಕೆಂದು ಕೆಲವರು ತಿಳಿಸಿದ್ದಿರಿ. ಹೈಬರ್ನೇಟ್ (ತೆರೆದ ಕೆಲಸವನ್ನು ಡಿಸ್ಕಿನಲ್ಲಿ ಉಳಿಸಿ ಯಂತ್ರವನ್ನು ಪೂರ್ತಿ ಆರಿಸುವುದು) ಬಳಸುತ್ತೀರಾ ಎಂದು ಒಬ್ಬರು ಕೇಳಿದ ಪ್ರಶ್ನೆಯೇ ನನಗೆ ದಾರಿ ತೋರಿಸಿತು.

ತೀರ್ಥಹಳ್ಳಿ ಬಳಿಯ ನಮ್ಮ ಮನೆಯಲ್ಲಿ ಮಳೆ ಹಿಡಿಯಿತೆಂದರೆ ಕರೆಂಟನ್ನು ನಂಬುವಂತಿಲ್ಲ, ಬ್ಯಾಟರಿಯೂ ಹತ್ತು ನಿಮಿಷಕ್ಕಿಂತ ಹೆಚ್ಚು ತಾಳುವುದಿಲ್ಲ. ಹೈಬರ್ನೇಟ್ ಆಗುವಾಗ ರ‍್ಯಾಮಿನಲ್ಲಿರುವುದನ್ನು ಸ್ವಾಪ್‌ನಲ್ಲಿ ಉಳಿಸಬೇಕಾಗುವುದರಿಂದ, ಅದಾಗಲೇ ಅಲ್ಲಿ ಸೇರಿರುವ ದತ್ತಾಂಶಕ್ಕೂ ಸ್ಥಳವಿರಲಿ ಎಂದು 4 ಜಿಬಿಯ ಪ್ರತ್ಯೇಕ ಪಾರ್ಟಿಷನ್ (ಡಿಸ್ಕಿನ ವಿಭಾಗ) ಮಾಡಿದೆ. ಬೂಟ್ ಆಯ್ಕೆಗಳಲ್ಲಿ ‘ರೆಸ್ಯೂಮ್’ ಎಂದು ಅದರ ಯುಯುಐಡಿ (ಆ ವಿಭಾಗದ ಗುರುತಿನ ಸಂಖ್ಯೆ) ಸೇರಿಸಲು ಮರೆತಿದ್ದ ಕಾರಣ, ಮೊದಲ ಸಲ ಹೈಬರ್ನೇಟ್ ಮಾಡಿದಾಗ ತೆರೆದಿಟ್ಟ ಕೆಲಸವೆಲ್ಲ ಹೋಯಿತು. ಇದನ್ನು ಮಾಡುವವರು ದಯವಿಟ್ಟು ಗಮನಿಸಿ.

ಮೊನ್ನೆ ಸಂಜೆ ತೋಟಕ್ಕೆ ಕೊಳೆ ಔಷಧಿ ಹೊಡೆಸಿದ ಕೂಲಿಯ ಲೆಕ್ಕವನ್ನು ಲಿಬ್ರೆಆಫೀಸ್‌ನಲ್ಲಿ ಬರೆಯುತ್ತಿದ್ದಾಗ, ಫೈರ್‌ಫಾಕ್ಸ್‌ನಲ್ಲಿ ಆರು ಟ್ಯಾಬ್‌ಗಳೂ ತೆರೆದಿದ್ದವು. ಮೆಮೊರಿ ಬಳಕೆ ತೋರಿಸುವ ‘ಫ್ರೀ’ ಆಜ್ಞೆ ಕೊಟ್ಟು ನೋಡಿದರೆ ಸ್ವಾಪ್‌ನ ಸುಮಾರು 800 ಎಂಬಿ ಬಳಕೆಯಾಗಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ಹೈಬರ್ನೇಟ್ ಮಾಡಿ ಬೆಳಿಗ್ಗೆ ಹಚ್ಚಿದಾಗ ಕರ್ಸರ್ ಅದೇ ಸಾಲಿನಲ್ಲಿತ್ತು, ಬಹಳ ಸಂತೋಷವಾಯಿತು.

ವೇಗ ಮಾತ್ರ ಹೆಚ್ಚಲಿಲ್ಲ, ಏಕೆಂದರೆ ತಿರುಗುವ ಹಾರ್ಡ್‌ಡಿಸ್ಕ್ ಎಂದಿಗೂ ರ‍್ಯಾಮ್ ಆಗಲಾರದು. ಖಾಲಿಯಿರುವ ಸ್ಲಾಟ್‌ಗೆ ಇನ್ನೊಂದು 2 ಜಿಬಿ ರ‍್ಯಾಮ್ ಹಾಕಿಸಲು ಮುಂದಿನ ವಾರ ಶಿವಮೊಗ್ಗಕ್ಕೆ ಹೋಗುತ್ತಿದ್ದೇನೆ.